ಕೇಳುವವರು ಮೊದಲು

ನಮ್ಮಕ್ಕನಿಗೆ ‘ಯಾಕೆ’ ಎನ್ನುವ ರೋಗವಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಈ ರೋಗಕ್ಕೆ ಮಾತ್ರ ಅವಳ ಹತ್ತಿರ ಮದ್ದಿಲ್ಲ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರೆ ಸ್ಕ್ರೂಗಳನ್ನೂ ಬಿಡುವುದಿಲ್ಲ. ಇದು ಯಾಕೆ ಉದ್ದ, ಅದು ಯಾಕೆ ಗಿಡ್ಡ? ಉತ್ತರ ಗೊತ್ತಿಲ್ಲದೆ ಗಿರಾಕಿಗಳ ಮುಂದೆ ನನ್ನ ಮಾನ ಹರಾಜು.

ಹೋದ ವರ್ಷ ಭಾವನ ಗಂಟಲಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಕ್ಕೆ ಮುಂಚೆ ಅಕ್ಕ ಹಟ ಹಿಡಿದು, ಎಂಟು ದಿನ ಅವರಿಂದ ಪುಸ್ತಕ ಓದಿಸಿ ದನಿಯನ್ನು ರೆಕಾರ್ಡ್ ಮಾಡಿಟ್ಟಿದ್ದಳು. ಟೈಪ್ ಮಾಡಿದ್ದನ್ನು ಅದೇ ದನಿಯಲ್ಲಿ ಹೇಳುವ ಪ್ರೋಗ್ರಾಂ ಒಂದಿತ್ತು. ಅದನ್ನು ಬರೆದವರು ಅದರ ಮೂಲ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಆದರೆ ಅಕ್ಕನ ಮನೆಯ ಹಳೇ ಕಂಪ್ಯೂಟರಿಗೆ ಹೊಂದುವ ಸಿದ್ಧ ಪ್ರತಿ ಇರಲಿಲ್ಲ, ಆ ಕೋಡಿನಿಂದ ನಾವೇ ಕಟ್ಟಿಕೊಳ್ಳಬೇಕು. ಅಷ್ಟರಲ್ಲಿ ಭಾವ ಸ್ಲೇಟಿನ ಮೇಲೆ ಬರೆಯುವುದನ್ನೂ ಕಡಿಮೆ ಮಾಡಿ, ಗೋಡೆ ನೋಡುತ್ತ ಕೂರತೊಡಗಿದ್ದರು. ಮನೆ ತುಂಬ ಮಾತಾಡುತ್ತಿದ್ದ ಮನುಷ್ಯ!

“ನಂಗೆ ಯಂತ್ರ ಬಿಚ್ಚೋದು ಗೊತ್ತು, ಪ್ರೋಗ್ರಾಂ ಕಟ್ಟೋದಲ್ಲ. ಬಿಟ್ಬಿಡಕ್ಕ,” ಎಂದೆ.

“ಬಿಡೋದಕ್ಕೆ ನಿನ್ನ ಕರೆದ್ನಾ? ಸುಮ್ನೆ ಕೂತ್ಕೋ,” ಎಂದಳು.

ಮೊದಲ ದಿನವೇ ಪರದೆಯ ತುಂಬ ಎರರ್. ಕೊನೆಯ ಸಾಲು ನೋಡಿ ನಾನು ತಲೆ ಮೇಲೆ ಕೈಹೊತ್ತು ಕೂತೆ. ಅಕ್ಕ ಮೇಲೆ ಮೇಲೆ ಸರಿಸುತ್ತ ಮೊಟ್ಟಮೊದಲ ಎರರಿಗೆ ಹೋದಳು. “ಜ್ವರ ಎಲ್ಲಿಂದ ಶುರುವಾಯ್ತು ಅಂತ ನೋಡ್ಬೇಕು ಕಣೋ.” ಯಾವುದೋ ಒಂದು ಫೈಲ್ ಸಿಗುತ್ತಿರಲಿಲ್ಲ, ಅಷ್ಟೇ. ಅದನ್ನು ಹುಡುಕಿ ಹಾಕಿದ್ದೇ ತಡ, ಮುನ್ನೂರು ಎರರ್ ಮಾಯ.

ಒಂದೊಂದು ಫೈಲನ್ನೂ ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಹಾಗೆ ಬಂದ ತುಂಡುಗಳನ್ನು ಜೋಡಿಸುವುದು ಲಿಂಕರ್. ಈ ಲಿಂಕರ್ ಹೊಸ ರಗಳೆ ತೆಗೆಯಿತು. ದನಿ ಹೊರಡಿಸುವ ಭಾಗ ‘ಲೈಬ್ರರಿ’ ಎಂಬ ಬೇರೆ ಕಟ್ಟಿನಲ್ಲಿತ್ತು. ಆ ಭಾಗ ಸಿಗುತ್ತಲೇ ಇಲ್ಲವೆಂದು ಒಂದೇ ರಾಗ. ಅಕ್ಕ ಲೈಬ್ರರಿಯ ಒಳಗನ್ನೇ ತೆರೆಸಿ ನೋಡಿದಳು. ಬೇಕಾದದ್ದು ಅಲ್ಲೇ ಕೂತಿದೆ!

“ಇದೆಯಲ್ಲೋ! ಮತ್ಯಾಕೆ ಇಲ್ಲ ಅಂತಾನೆ?”

ನಾಲ್ಕು ದಿನ ಇದೇ ಜಪ. ಅವಳಿಗೆ ಸಿಟ್ಟಿಲ್ಲ, ಬೇಸರವಿಲ್ಲ, ಬರೀ ಕುತೂಹಲ. ಸಿಟ್ಟೆಲ್ಲ ನನ್ನ ಪಾಲಿಗೆ.

ಐದನೆಯ ದಿನ ಬೆಳಿಗ್ಗೆ ಭಾವನಿಗೆ ಬಿಸಿನೀರು ತಂದುಕೊಟ್ಟಳು. ಅವರು ಬೇಡವೆಂದು ಕೈಯಾಡಿಸಿದರು. ಅದನ್ನು ಒಳಗೆ ಚೆಲ್ಲಿ ಬಂದು ಕೂತಳೋ ಇಲ್ಲವೋ, ಸ್ಲೇಟಿನ ಮೇಲೆ ಟಕಟಕ. ‘ನೀರು’ ಎಂದು ಬರೆದಿದ್ದರು.

“ಈಗ್ತಾನೇ ತಂದಿದ್ನಲ್ರೀ! ಕೇಳೋಕೆ ಮುಂಚೆ ಕೊಟ್ರೆ ನೀವು...” ಎಂದವಳು ಅರ್ಧಕ್ಕೇ ನಿಂತಳು. ನೀರು ಮರೆತು ಕಂಪ್ಯೂಟರಿನ ಹತ್ತಿರ ಓಡಿದಳು.

ತುಂಡುಗಳನ್ನು ಜೋಡಿಸಲು ಹೇಳುವ ಸಾಲನ್ನು ಮೊದಲ ದಿನ ಅವಳೇ ತಿದ್ದಿದ್ದಳು. ವಾರ್ಡಿನ ಅಭ್ಯಾಸ: ಮೊದಲು ಟ್ರಾಲಿಗೆ ಔಷಧಿ ತುಂಬಬೇಕು, ಆಮೇಲೆ ರೋಗಿಗಳ ಹತ್ತಿರ ಹೋಗಬೇಕು. ಹಾಗೆಯೇ ಲೈಬ್ರರಿಗಳನ್ನೆಲ್ಲ ಮುಂದಕ್ಕೆ ತಂದು, ಅವುಗಳನ್ನು ಕೇಳುವ ಫೈಲುಗಳನ್ನು ಹಿಂದಕ್ಕೆ ತಳ್ಳಿ ಅಚ್ಚುಕಟ್ಟು ಮಾಡಿದ್ದಳು.

“ಈ ಲಿಂಕರ್ ಒಂದೇ ಸಲ ಸಾಲು ಹಿಡಿದು ನಡೀತಾನೆ ಕಣೋ. ಲೈಬ್ರರಿ ಹತ್ರ ಬಂದಾಗ ಇನ್ನೂ ಯಾರೂ ಏನೂ ಕೇಳಿಲ್ಲ, ಬರಿಗೈಲಿ ಮುಂದೆ ಹೋದ. ಆಮೇಲೆ ಕೇಳಿದ್ರೆ ಹಿಂದೆ ತಿರುಗೋ ಜಾತಿಯಲ್ಲ. ಅಯ್ಯೋ, ಎಲ್ಲಾ ನನ್ನ ಕಿತಾಪತಿನೇ!”

ಫೈಲುಗಳನ್ನು ಮುಂದಕ್ಕೆ ತಂದು, ಲೈಬ್ರರಿಗಳನ್ನು ಕೊನೆಗೆ ಹಾಕಿ ಎಂಟರ್ ಒತ್ತಿದಳು. ಸಾಲುಗಳು ಸರಸರ ಓಡಿ ನಿಂತವು. ಒಂದೂ ಎರರ್ ಇಲ್ಲ. ನಂಬಿಕೆಯಾಗದೆ ಮೂರು ಸಲ ನೋಡಿದೆ.

ಭಾವನನ್ನು ಕರೆತಂದು ಕೀಬೋರ್ಡಿನ ಮುಂದೆ ಕೂರಿಸಿದೆವು. ಒಂದೇ ಬೆರಳಲ್ಲಿ ನಿಧಾನವಾಗಿ ಕುಟ್ಟಿದರು. ಮೊದಲ ಮಾತು ಏನಿರಬಹುದು? ಸ್ಪೀಕರ್ ಒಮ್ಮೆ ಗೊರಗುಟ್ಟಿತು. ಆಮೇಲೆ ಭಾವನದೇ ದನಿ, ಆ ಒರಟು ಕೂಡ ಹಾಗೇ:

“ನೀರು ಕೇಳಿ ಅರ್ಧ ಗಂಟೆ ಆಯ್ತಲ್ಲೇ, ಎಲ್ಲಿ?”

ನಾನು ಗೊಳ್ಳನೆ ನಕ್ಕೆ. ಅಕ್ಕ ನಗಲಿಲ್ಲ. ಆಪರೇಷನ್ ಆದ ಒಂಬತ್ತು ತಿಂಗಳ ಮೇಲೆ ಗಂಡನ ದನಿಯಲ್ಲಿ ಬೈಸಿಕೊಂಡಿದ್ದಳು. ಕಣ್ಣೀರು ಗಲ್ಲದವರೆಗೂ ಇಳಿದಿತ್ತು.

“ತರ್ತೀನಿ ರೀ,” ಎಂದಳು. “ಇನ್ನೊಂದ್ಸಲ ಕೇಳಿ.”