ಎಮ್ಮೆ ಸೇರಿಸುವ ಮೊದಲು

ಮೊದಲು ಒಂದು ಕೆಮ್ಮು. ಶೀತದ ಕೆಮ್ಮಲ್ಲ. ಹೊಟ್ಟೆಯಾಳದಿಂದ ಹೊರಟು, ಮೂಗಿನಲ್ಲಿ ಸ್ವಲ್ಪ ತಡೆದು, ಆಮೇಲೆ ಹೊರಗೆ ಬರುವ ಕೆಮ್ಮು. ಅದರ ಹಿಂದೆಯೇ "ನೋಡ್ರಪ್ಪಾ" ಎಂಬ ಉದ್ದದ ಎಳೆತ. ಸಂಜೆ ನಾಲ್ಕೂವರೆಗೆ ನನ್ನ ಮನೆಯ ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಿಂದ ಈ ದನಿ ಕೇಳಿದರೆ, ನಮ್ಮ ಭಾಗದ ದೊಡ್ಡ ಲೀಡರ್ರೇ ಹಳೆಯ ಹಾಸಿಗೆಗಳ ನಡುವೆ ಕೂತು ಭಾಷಣ ಮಾಡುತ್ತಿದ್ದಾರೆಂದು ಯಾರಾದರೂ ನಂಬಬೇಕು. ಕೂತಿರುತ್ತಿದ್ದವನು ನಮ್ಮ ಮೇಲಿನ ಮನೆಯ ಬಾಡಿಗೆದಾರ. ಮೂವತ್ತೆರಡು ವರ್ಷದ, ಕಡ್ಡಿಯಂಥ ಮನುಷ್ಯ. ಫ್ಯಾಕ್ಟರಿಯ ನೀಲಿ ಶರ್ಟನ್ನು ಇನ್ನೂ ಬಿಚ್ಚಿರುತ್ತಿರಲಿಲ್ಲ.

ರಾಜಕಾರಣಿಗಳ ದನಿಯಲ್ಲಿ ಮಾತಾಡಿ ವಿಡಿಯೊ ಮಾಡಿ ಹಾಕುವುದು ಅವನ ಹುಚ್ಚು. ಹುಚ್ಚು ಎಂದು ನಾನು ಅನ್ನುತ್ತಿದ್ದೆ, ಅವನು "ಕೆಲಸ ಮಿಸ್, ಇದೂ ಕೆಲಸಾನೇ" ಎಂದು ತಿದ್ದುತ್ತಿದ್ದ. ಬೆಳಗಿನ ಶಿಫ್ಟಿನಲ್ಲಿ ಬೆಂಗಳೂರಿನ ಹೂಡಿಯಾಚೆಯ ಒಂದು ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಸಂಜೆ ಈ ಕೆಲಸ. ಸರ್ಜಾಪುರದ ಪಕ್ಕದ ಹಳ್ಳಿಯವನು. ಅವನ ತಂದೆ ಸೇವಂತಿಗೆ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಲೇಔಟ್ ಕಲ್ಲುಗಳಿದ್ದವು. ಕ್ಯಾಬ್ ಡ್ರೈವರುಗಳು ಅವನನ್ನು ಕಂಡರೆ ಗಾಜು ಇಳಿಸಿ "ಗುರು, ಸಕ್ಕತ್" ಎಂದು ಕೂಗಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ.

ಅಷ್ಟು ಜನರ ದನಿ ಬರುತ್ತಿದ್ದವನ ಸ್ವಂತ ದನಿ ಯಾರಿಗೂ ನೆನಪಿರುತ್ತಿರಲಿಲ್ಲ. ಬೇರೆ ನಂಬರಿನಿಂದ ಫೋನ್ ಮಾಡಿದರೆ ಕಟ್ಟಿಕೊಂಡ ಹೆಂಡತಿಯೇ "ಯಾರು ಮಾತಾಡೋದು?" ಎಂದು ಕೇಳುತ್ತಿದ್ದಳಂತೆ. ಅದನ್ನವನು ನಗುತ್ತಲೇ ಹೇಳುತ್ತಿದ್ದ.

ಸ್ಟೋರ್ ರೂಮ್ ಕೇಳಲು ಬಂದ ದಿನ ನಾನು ತಪ್ಪು ತಿಳಿದೆ. ಸಂಜೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂತುಕೊಳ್ಳಬಹುದಾ ಎಂದ. ಮೆಡಿಟೇಷನ್ ಇರಬೇಕು, ಪಾಪ, ಗುಡ್ ಬಾಯ್ ಎಂದುಕೊಂಡು ಬೀಗದ ಕೈ ಕೊಟ್ಟೆ. ವೈಟ್‌ಫೀಲ್ಡಿನಲ್ಲಿ ಈಗ ನಿಶ್ಶಬ್ದ ಎಲ್ಲಿದೆ? ಮನೆಯ ಮುಂದೆ ನೀರಿನ ಟ್ಯಾಂಕರು, ಹಿಂದೆ ಟೆಕ್ ಪಾರ್ಕಿನ ಜನರೇಟರು, ಅವನ ತಲೆಯ ಮೇಲೆ ಶೀಟಿನ ಸೂರು. ಕಿಟಕಿಯಿಲ್ಲದ, ಹಳೆಯ ಹಾಸಿಗೆ ತುಂಬಿದ ಆ ಗೂಡು ಅವನಿಗೆ ಸ್ಟುಡಿಯೊ ಆಯಿತು. ಮೂರನೆಯ ದಿನ ಒಳಗಿನಿಂದ ಲೀಡರ್ ಕೆಮ್ಮಿದಾಗ ನಾನು ಟೀ ಕಪ್ ಕೆಳಗಿಟ್ಟು, ಗೇಟಿನ ಮುಂದೆ ಅವರ ಕಾರು ನಿಂತಿದೆಯಾ ಎಂದು ನೋಡಿಬಂದೆ.

ನಾನು ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳೆಂದು ಗೊತ್ತಾದ ಮೇಲೆ ಅವನು "ಆಂಟಿ" ಬಿಟ್ಟು "ಮಿಸ್" ಹಿಡಿದ. ನನಗದು ಇಷ್ಟವಾಗುತ್ತಿತ್ತು, ಸುಳ್ಳೇಕೆ. ಕಾನ್ವೆಂಟ್ ಸಿಸ್ಟರುಗಳ ಕೈಕೆಳಗೆ ಬೆಳೆದ ನನಗೆ ಎಲೊಕ್ಯೂಷನ್, ಮಾತಾಡುವ ಪಾಠ, ಎಂದರೆ ಬೆನ್ನು ನೆಟ್ಟಗೆ, ಶಬ್ದ ಸ್ಪಷ್ಟ, ಅಷ್ಟೇ. ಅವನ ಪಾಠ ಬೇರೆ. ಭಾಷಣದ ವಿಡಿಯೊಗಳನ್ನು ಮೊದಲ ಎರಡು ದಿನ ಸೌಂಡ್ ತೆಗೆದು ನೋಡುತ್ತಿದ್ದ. ಎದೆ ಯಾವಾಗ ಉಬ್ಬುತ್ತದೆ, ಯಾವಾಗ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಗೀಟು ಎಳೆದುಕೊಳ್ಳುತ್ತಿದ್ದ.

"ಮಾತು ಯಾರ್ ಬೇಕಾದ್ರೂ ಕಲೀತಾರೆ ಮಿಸ್, ಉಸಿರು ಕಲೀಬೇಕು" ಎನ್ನುತ್ತಿದ್ದ. "ನಮ್ ಲೀಡರ್ ನೋಡಿ, ಆಗದೇ ಇರೋದನ್ನ ಮಾಡ್ಕೊಡ್ತೀನಿ ಅನ್ನೋಕೆ ಮುಂಚೆ ಮೂಗಲ್ಲಿ ಎರಡು ಸಲ ಎಳ್ಕೋತಾರೆ. ಅವರಿಗೇ ಗೊತ್ತಿಲ್ಲ ಅದು."

ಆಮೇಲೆ ಟೀವಿಯಲ್ಲಿ ಯಾರು ಭಾಷಣ ಮಾಡಿದರೂ ನಾನು ಮಾತು ಬಿಟ್ಟು ಮೂಗು ನೋಡತೊಡಗಿದೆ.

ಅವನಿಗೊಂದು ಕಟ್ಟುನಿಟ್ಟು ಇತ್ತು. ಆಗ ನಾನದನ್ನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಹೊರಗೆ ಹೋಗುವ ವಿಡಿಯೊದಲ್ಲಿ ತನ್ನ ಮುಖ ಕಾಣಲೇಬೇಕು, ಮತ್ತು ಯಾರೂ ನಂಬಲಾಗದ ಒಂದು ಮಾತು ಅದರಲ್ಲಿ ಇರಲೇಬೇಕು. ರಸ್ತೆ ಗುಂಡಿಗೆ ಚಟ್ನಿ ತುಂಬಿಸುತ್ತೇನೆ ಎಂಬಂಥದು. ಆದರೆ ಪ್ರಾಕ್ಟೀಸ್ ಮಾಡುವಾಗ ಆ ಮಾತು ಇರುತ್ತಿರಲಿಲ್ಲ. ಲೀಡರ್ ನಿಜವಾಗಿ ಹೇಳಬಹುದಾದ ಮಾತನ್ನೇ ಮೊದಲು ಹತ್ತು ಸಲ, ಇಪ್ಪತ್ತು ಸಲ ಹೇಳಿ ದನಿಯನ್ನು ಹದಕ್ಕೆ ತರುತ್ತಿದ್ದ. ಅನ್ನ ಪೂರ್ತಿ ಬೆಂದ ಮೇಲೆ ಮೊಸರು ಕಲಸಬೇಕು ಮಿಸ್, ಎನ್ನುತ್ತಿದ್ದ.

ಆ ಗುರುವಾರ ಅವನು ಬೇಯಿಸುತ್ತಿದ್ದ ಅನ್ನ ಬಿ ಖಾತಾದ್ದು. ನಮ್ಮ ಕಡೆ ಅರ್ಧ ಜನರ ಮನೆಗಳು ಬಿ ಖಾತಾ. ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಕಾಗದ ಮಾತ್ರ ಪಕ್ಕಾ ಅಲ್ಲ. ಬ್ಯಾಂಕ್ ಲೋನ್ ಸಿಗುವುದಿಲ್ಲ, ಮಾರುವುದೂ ಕಷ್ಟ. ಪಕ್ಕಾ ಆಗಬೇಕಾದರೆ ಎ ಖಾತಾ ಆಗಬೇಕು. ಸ್ಟೋರ್ ರೂಮಿನಿಂದ ಲೀಡರ್ ಹೇಳುತ್ತಿದ್ದರು: "ನೋಡ್ರಪ್ಪಾ, ಬಿ ಖಾತಾ ಇಟ್ಕೊಂಡು ಯಾರೂ ಅಳಬೇಡಿ. ಸೋಮವಾರ ಬೆಳಿಗ್ಗೆ ಪೇಪರ್ ಎಲ್ಲಾ ಎತ್ಕೊಂಡು ನಮ್ ಆಫೀಸ್ ಹತ್ರ ಬನ್ನಿ. ಎ ಖಾತಾ ಮಾಡಿಸಿ ನಿಮ್ ಕೈಗೇ ಕೊಡ್ತೀನಿ."

ವಿಡಿಯೊದಲ್ಲಿ ಇದರ ಮುಂದೆ ಬರಬೇಕಿದ್ದ ಮಾತನ್ನು ಅವನು ಹಿಂದಿನ ದಿನವೇ ನನಗೆ ಹೇಳಿ ನಗಿಸಿದ್ದ. ಪ್ರತಿ ಖಾತೆಯ ಜೊತೆ ಒಂದು ಎಮ್ಮೆ ಫ್ರೀ. ತೊಳೆಯಲು ಕೆರೆ ಎಲ್ಲಿ ಎಂದು ಕೇಳಬೇಡಿ, ನಿಮ್ಮ ನಿಮ್ಮ ಸಂಪಿನಲ್ಲೇ ತೊಳೆದುಕೊಳ್ಳಿ. ಎಮ್ಮೆ ಇನ್ನೂ ಸೇರಿರಲಿಲ್ಲ.

ನಾನು ಬಾಗಿಲ ಹೊರಗೆ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ನಮ್ಮ ಬೀದಿಯ ಸೀನಿಯರ್ ಸಿಟಿಜನ್ಸ್ ಗ್ರೂಪಿಗೆ ಕಳಿಸಿದೆ. ಕೆಳಗೆ "ಗೆಸ್ ಹೂ ಈಸ್ ಇನ್ ಮೈ ಹೌಸ್!" ಎಂದು ಬರೆದೆ. ಹೆಮ್ಮೆ, ಮತ್ತೇನಲ್ಲ. ಮಕ್ಕಳು ಮೊಮ್ಮಕ್ಕಳ ಪ್ರೈಜುಗಳನ್ನೇ ಹಾಕುವ ಆ ಗ್ರೂಪಿನಲ್ಲಿ ನನಗೂ ಒಂದು ಹೇಳಿಕೊಳ್ಳುವುದು ಬೇಕಿತ್ತು. ಒಬ್ಬರಾದರೂ "ನಿಮ್ಮ ಟೆನೆಂಟಾ?" ಎಂದು ಕೇಳುತ್ತಾರೆಂದು ಕಾದೆ. ಬಂದದ್ದೆಲ್ಲ ಕೈಮುಗಿದ ಚಿತ್ರಗಳು. ಲೀಡರ್ ನನ್ನ ಮನೆಗೆ ಕಾಫಿಗೆ ಬಂದಿದ್ದಾರೆಂದು ತಿಳಿದಿದ್ದರು. ತಮಾಷೆಯಾಗಿದೆ, ಸ್ವಲ್ಪ ಹೊತ್ತು ಇರಲಿ ಎಂದು ನಾನು ಸುಮ್ಮನಾದೆ. ಆ ಸ್ವಲ್ಪ ಹೊತ್ತಿನಲ್ಲಿ ಅದು ಬೇರೆ ಗ್ರೂಪುಗಳಿಗೆ ಹೋಯಿತು. ನಾನು ಬರೆದ ಸಾಲು ಎಲ್ಲೋ ಬಿದ್ದುಹೋಯಿತು, ದನಿ ಮಾತ್ರ ಉಳಿಯಿತು. ಅಷ್ಟು ದೂರ ಹೋದ ಮೇಲೆ ತಮಾಷೆಗೆ ಎಂದು ಹೇಳಲು ನನಗೆ ಮುಜುಗರವಾಯಿತು.

ಸೋಮವಾರ ಜನ ಹೋದರು. ಕೆಲಸಕ್ಕೆ ರಜೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು, ಬಿಸಿಲಲ್ಲಿ ನಿಂತರು. ಲೀಡರ್ ಆಫೀಸಿನವರು ಹಾಗೆ ಹೇಳೇ ಇಲ್ಲ ಎಂದಾಗ ಕೂಗಾಟವಾಗಿ ಬಾಗಿಲಿನ ಗಾಜು ಒಡೆಯಿತು. ಮಂಗಳವಾರ ಇಬ್ಬರು ಪೊಲೀಸರು ನಮ್ಮ ಗೇಟಿಗೆ ಬಂದರು. ಇಂಥ ದನಿ ತೆಗೆಯುವವನು ಯಾರೆಂದು ಕಂಡುಹಿಡಿಯಲು ಅವರಿಗೆ ಕಷ್ಟವಾಗಿರಲಿಲ್ಲ.

ನನ್ನ ಮನೆಯ ಹಾಲ್‌ನಲ್ಲೇ ಅವನನ್ನು ಕೂರಿಸಿ ರೆಕಾರ್ಡಿಂಗ್ ಹಾಕಿದರು. ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿದ. ಕೊನೆಯಲ್ಲಿ ಒಂದು ಸಣ್ಣ ನಗು ಇತ್ತು, ಮುದುಕಿಯ ನಗು. ನಾನದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಅವನು ಗಮನಿಸಿದ. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಪೊಲೀಸರ ಕಡೆ ತಿರುಗಿದ.

"ನಾನೇ ಸಾರ್. ಪ್ರಾಕ್ಟೀಸ್‌ಗೆ ಅಂತ ರೆಕಾರ್ಡ್ ಮಾಡ್ಕೊಂಡಿದ್ದೆ. ಹೆಂಗೋ ಆಚೆ ಹೋಗ್ಬಿಡ್ತು."

ಮೂವತ್ತೊಂದು ವರ್ಷ ನಾನು ಎಷ್ಟು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ "ಸ್ಪೀಕ್ ಅಪ್, ಚೈಲ್ಡ್" ಎಂದಿದ್ದೇನೋ ಲೆಕ್ಕವಿಲ್ಲ. ಆ ದಿನ ಕಾಫಿ ಟ್ರೇ ಹಿಡಿದು ಗೋಡೆಯ ಹಾಗೆ ನಿಂತಿದ್ದೆ. ಅವನನ್ನು ಕರೆದುಕೊಂಡು ಹೋದರು.

ಸಂಜೆ ಬಿಟ್ಟರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಇಡೀ ಮಧ್ಯಾಹ್ನ ಅದೇ ದನಿಯನ್ನು ಮತ್ತೆ ಮತ್ತೆ ಮಾಡಿಸಿದರಂತೆ. ಬಂದವರಿಗೆಲ್ಲ ತೋರಿಸಿ, ಈ ಸಾಹೇಬರಿಗೊಂದು ಮಾಡು, ಆ ಸಾಹೇಬರಿಗೊಂದು ಮಾಡು ಎಂದು. ಅದನ್ನು ಹೇಳುವಾಗ ಅವನು ನಗಲಿಲ್ಲ. ಕೊನೆಗೆ ಕ್ಷಮೆ ಕೇಳುವ ವಿಡಿಯೊ ಮಾಡಿ ಹಾಕಿದರೆ ಕೇಸ್ ಬೇಡ ಎಂದು ಲೀಡರ್ ಕಡೆಯವರು ಒಪ್ಪಿದ್ದರು.

ಅವನು ತನ್ನ ಸ್ವಂತ ದನಿಯಲ್ಲಿ ಮಾಡಿದ ಒಂದೇ ವಿಡಿಯೊ ಅದು. ಮಿಕ್ಕ ಎಲ್ಲಕ್ಕಿಂತ ಹೆಚ್ಚು ಜನ ಅದನ್ನೇ ನೋಡಿದರು. ಇವನ ನಿಜವಾದ ವಾಯ್ಸ್ ಇದೇನಾ, ಇಷ್ಟೇನಾ, ಎಂದು ಕೆಳಗೆ ಬರೆದರು. ಫ್ಯಾಕ್ಟರಿಯವರು ರಾಜಕೀಯದ ತಲೆನೋವು ನಮಗೆ ಬೇಡ ಎಂದು ಮುಂದಿನ ತಿಂಗಳು ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಅವನು ಆಮೇಲೂ ನಾಲ್ಕೂವರೆಗೆ ಸ್ಟೋರ್ ರೂಮಿಗೆ ಹೋಗುತ್ತಿದ್ದ. ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಹೊರಬಂದು, ಉಸಿರು ಸಿಗ್ತಿಲ್ಲ ಮಿಸ್ ಎಂದ. ಡಾಕ್ಟರ ಹತ್ತಿರ ಹೋಗು ಎಂದು ನಾನು ಹೇಳಲಿಲ್ಲ. ಯಾವ ಉಸಿರೆಂದು ನನಗೆ ಗೊತ್ತಿತ್ತು.

ನನ್ನ ತಪ್ಪನ್ನು ಅವನ ಹತ್ತಿರ ಒಪ್ಪಿಕೊಂಡೆ. ಒಳ್ಳೆಯ ಇಂಗ್ಲಿಷಿನಲ್ಲಿ ಇನ್ಸ್‌ಪೆಕ್ಟರಿಗೆ ಒಂದು ಪತ್ರ ಬರೆದು ತೋರಿಸಿದೆ. ಅವನು ನಿಧಾನವಾಗಿ ಓದಿ ಮಡಚಿ ನನ್ನ ಕೈಗಿಟ್ಟ.

"ಸ್ಟೇಷನ್ನಿಗೆ ಬೇಡ ಮಿಸ್. ಮತ್ತೆ ಶುರುವಾಗತ್ತೆ. ನಮ್ಮನೆಯವಳಿಗೆ ಈಗ ಏಳು ತಿಂಗಳು" ಎಂದ. ಆಮೇಲೆ, "ಗ್ರೂಪಲ್ಲಿ ಮಾತ್ರ ಹೇಳ್ಬಿಡಿ. ಬೇಕು ಬೇಕಂತ ಜನಕ್ಕೆ ಮೋಸ ಮಾಡ್ದ ಅಂತ ಅಂದ್ಕೊಂಡವ್ರೆ. ಬೀದಿಲಿ ಇವಳನ್ನ ಯಾರೂ ಮಾತಾಡ್ಸಲ್ಲ. ನಾನು ಯಾವತ್ತೂ ಅಂಗೆ ಹೊರಗೆ ಬಿಡೋನಲ್ಲ ಅಂತ ನಿಮಗ್ ಗೊತ್ತಲ್ಲ, ಅಷ್ಟ್ ಹೇಳಿದ್ರೆ ಸಾಕು" ಎಂದ.

ನಾಳೆ ಹೇಳುತ್ತೇನೆ ಎಂದೆ. ಅವನು ನನ್ನಿಂದ ಕೇಳಿದ್ದು ಅದೊಂದೇ. ಮನೆಯ ಬಾಡಿಗೆಯಲ್ಲಿ ಕೂಡ ಒಂದು ದಿನ ತಡ ಕೇಳಿದವನಲ್ಲ.

ಬರೆದೆ, ಅಳಿಸಿದೆ. ಮತ್ತೆ ಬರೆದೆ. ಆ ದನಿಯಿಂದ ಅವನು ನನ್ನನ್ನೂ ಮೋಸಗೊಳಿಸಿದನೆಂದೇ ಗ್ರೂಪಿನವರು ತಿಳಿದಿದ್ದರು. ಗ್ರೂಪಿನವರಲ್ಲಿ ಕೆಲವರು ಸ್ವತಃ ಸೋಮವಾರ ಬಿಸಿಲಲ್ಲಿ ನಿಂತು ಬಂದವರು. ನಾಳೆಯಿಂದ ಇವರೆದುರು ವಾಕಿಂಗಿಗೆ ಹೇಗೆ ಹೋಗಲಿ ಎಂದು ಯೋಚಿಸಿದೆ. ಎಪ್ಪತ್ತನಾಲ್ಕು ವರ್ಷಕ್ಕೆ ವಾಕಿಂಗ್ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಆಗ ತಿಳಿಯಿತು. ಹೀಗೇ ಹತ್ತು ನಾಳೆಗಳು ಕಳೆದವು. ಅವನು ಇನ್ನೊಮ್ಮೆ ಕೇಳಲಿಲ್ಲ. ಇಂದು ಇಲ್ಲಿ, ಅಚ್ಚಾಗುವ ಕಡೆ, ಬರೆಯುತ್ತಿದ್ದೇನೆ: ರೆಕಾರ್ಡ್ ಮಾಡಿದವಳು ನಾನು, ಕಳಿಸಿದವಳು ನಾನು. ಅವನಿಗೆ ಇದು ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದು ಗೊತ್ತಿದೆ.

ಮನೆ ಖಾಲಿ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ಗೇಟಿನ ಮುಂದೆ ಟೆಂಪೊ ನಿಂತಿತ್ತು. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಅವನು ಹಿಂದೆ ನಿಂತು ಮಂಚ ಮತ್ತು ಗ್ಯಾಸ್ ಸ್ಟೌವಿನ ಮೇಲೆ ಹಗ್ಗ ಬಿಗಿಯುತ್ತಿದ್ದ. ನಾನು ಗೇಟು ಹಿಡಿದು ನಿಂತಿದ್ದೆ. ಆಗ ವಾಕಿಂಗ್ ಮುಗಿಸಿಕೊಂಡು ನಮ್ಮ ಗ್ರೂಪಿನ ಅಡ್ಮಿನ್, ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಬಂದು ನನ್ನ ಪಕ್ಕ ನಿಂತರು. ಅವನಿಗೆ ಕೇಳಲಿ ಎಂದೇ ಹೇಳಿದರು:

"ಒಳ್ಳೇದಾಯ್ತು ಬಿಡಿ ಮೇಡಂ. ಇಂಥ ಫ್ರಾಡ್‌ಗಳನ್ನ ಇಟ್ಕೊಂಡ್ರೆ ನಿಮ್ಮಂಥೋರ ಹೆಸರೂ ಹಾಳಾಗತ್ತೆ."

ಹಗ್ಗ ಎಳೆಯುತ್ತಿದ್ದ ಕೈ ನಿಂತಿತು. ಅವನು ತಿರುಗಿ ನೋಡಿದ, ಅವರನ್ನಲ್ಲ, ನನ್ನನ್ನು. ಕೋಪವಿರಲಿಲ್ಲ ಆ ಮುಖದಲ್ಲಿ. ಕಾಯುತ್ತಿದ್ದ. ಟೆಂಪೊ ಡ್ರೈವರ್ ಹೊರಡೋಣವಾ ಅಣ್ಣಾ ಎಂದು ಕೇಳಿದ, ಇವನು ಹಗ್ಗ ಹಿಡಿದೇ ನಿಂತಿದ್ದ.

"ಹುಷಾರಾಗಿ ಹೋಗಪ್ಪ" ಎಂದೆ ನಾನು.

"ಬರ್ತೀನಿ ಮಿಸ್" ಎಂದು, ಹಗ್ಗದ ಗಂಟನ್ನು ಬಿಗಿದು, ಹಿಂದೆ ಮಂಚದ ಪಕ್ಕ ಹತ್ತಿ ಕೂತ. ಟೆಂಪೊ ಹೂಡಿಯ ಕಡೆಗೆ ತಿರುಗುವವರೆಗೆ ಅವನ ಮುಖ ಈ ಕಡೆಗೇ ಇತ್ತು.