ಗಟ್ಟಿ ಬಸುರಿಯರ ರಕ್ತ

ಪಕ್ಕದ ಮನೆಯ ಸೊಸೆ ನಿನ್ನೆ ರಕ್ತಪರೀಕ್ಷೆಯ ಚೀಟಿ ತಂದು ನನ್ನ ಕೈಗಿಟ್ಟಳು. ಅವಳಿಗೀಗ ಐದು ತಿಂಗಳು. ಅವಳ ಹಿಮೋಗ್ಲೋಬಿನ್ ಅಂಕಿಯ ಪಕ್ಕದಲ್ಲೇ ಇಷ್ಟರಿಂದ ಇಷ್ಟರವರೆಗೆ ಇರಬೇಕು ಎಂದು ಅಚ್ಚಾಗಿತ್ತು. ಈ ‘ಇಷ್ಟು’ ಗೊತ್ತುಮಾಡಲು ನಾನೂ ಒಂದು ಕಾಲದಲ್ಲಿ ಊರೂರು ಅಲೆದು ಬೆರಳು ಚುಚ್ಚಿದವಳು ಅಂದರೆ ನಂಬುತ್ತೀರಾ?

ಅರವತ್ತರ ದಶಕ. ಚಿಂತಾಮಣಿಯಲ್ಲಿ ನಾನು ನರ್ಸು. ನಮ್ಮ ಡಾಕ್ಟರಮ್ಮನಿಗೆ ಒಂದು ಹಟ ಹಿಡಿದಿತ್ತು. ಬಸುರಿನಲ್ಲಿ ರಕ್ತ ಸ್ವಲ್ಪ ತೆಳುವಾಗುವುದು ಸಹಜ. ಪುಸ್ತಕದ ಅಂಕಿಗಳೆಲ್ಲ ಪರದೇಶದ ಹೆಂಗಸರವು, ನಮ್ಮವರಿಗೆ ಎಷ್ಟು ಸಹಜ? ಅದನ್ನು ಅಳೆದು ಗೊತ್ತುಮಾಡಲು ಆರೋಗ್ಯವಾಗಿರುವ ಬಸುರಿಯರು ಬೇಕು. ಆರೋಗ್ಯವಾಗಿರುವವರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ನಾವೇ ಕೈವಾರದ ಕಡೆ ಬಸ್ಸು ಹತ್ತಿದೆವು. ಗಟ್ಟಿಮುಟ್ಟಾದವರನ್ನು ಆರಿಸುವ ಕೆಲಸ ನನ್ನದು.

“ಏಮಮ್ಮಾ, ಚೆನ್ನಾಗಿರೋಳ ರಕ್ತ ಯಾಕೆ ತೆಗೀತೀಯ?” ಎಂದು ಒಬ್ಬ ಅತ್ತೆ ಜಗಳಕ್ಕೇ ನಿಂತಳು. “ನಮ್ಮ ಸೊಸೆ ಒಂದು ದಿನಾನೂ ಮಲಗಿಲ್ಲ. ನಿನ್ನೆ ಕೂಡಾ ಕಳೆ ಕಿತ್ತವ್ಳೆ.”

ನನಗೆ ಅಷ್ಟು ಸಾಕಿತ್ತು. ಮಲಗದವಳೆಲ್ಲ ಆರೋಗ್ಯವಂತೆ ಎಂದು ಬರೆದುಕೊಂಡೆ.

ನಳಿಕೆಯ ಆಸಿಡ್ಡಿಗೆ ರಕ್ತ ಬಿಟ್ಟು, ಹನಿಹನಿಯಾಗಿ ನೀರು ಬೆರೆಸಿ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಬಂದಾಗ ನಳಿಕೆಯ ಗೆರೆ ಓದಬೇಕು. ನಾನು ಆರಿಸಿದವರೆಲ್ಲರದೂ ತೀರಾ ಕೆಳಗಿನ ಗೆರೆ, ಅಂದರೆ ರಕ್ತ ತೀರಾ ಕಮ್ಮಿ. “ಎಲ್ಲರಿಗೂ ಹಿಂಗೇ ಇದೆಯಲ್ಲ ಡಾಕ್ಟರಮ್ಮ, ನಮ್ಮ ಕಡೆಗೆ ಇದೇ ಸರಿ ಅಂತ ಬರ್ಕೊಳ್ಳಣ” ಎಂದೆ, ಹೊಸದೇನೋ ಕಂಡುಹಿಡಿದವಳ ಜಂಬದಲ್ಲಿ.

ಡಾಕ್ಟರಮ್ಮ ನನ್ನ ಕೈ ಎಳೆದುಕೊಂಡು ಬೆರಳು ಚುಚ್ಚಿದರು. ನಾನೂ ಆಗ ಆರು ತಿಂಗಳ ಬಸುರಿ. ನನ್ನದೂ ಅದೇ ಗೆರೆ.

“ಇದನ್ನ ಸರಿ ಅಂತ ಬರೆದ್ರೆ ಇವರಿಗ್ಯಾರಿಗೂ ಔಷಧಿ ಸಿಗಲ್ಲ ಕಣಮ್ಮ. ನಿನಗೂ ಅಷ್ಟೇ. ಹೆರಿಗೇಲಿ ರಕ್ತ ಹೋದ್ರೆ ತಡ್ಕೊಳ್ತೀಯಾ?”

ನನ್ನ ಜಂಬ ಅಲ್ಲೇ ಇಳಿಯಿತು. ನಿಜವಾಗಿ ಹೆದರಿದೆ.

ಆ ಪಟ್ಟಿ ಪಕ್ಕಕ್ಕೆ ಹೋಯಿತು. ಎಲ್ಲರಿಗೂ ಕಬ್ಬಿಣದ ಮಾತ್ರೆ ಕೊಟ್ಟು, ಗೆರೆ ಏರಿ ನಿಂತ ಮೇಲೇ ಡಾಕ್ಟರಮ್ಮ ಮತ್ತೆ ಅಂಕಿ ಬರೆಯಲು ಕೂತದ್ದು. ನಾನೂ ನುಂಗಿದೆ. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾವಿಯಿಂದ ಬಿಂದಿಗೆ ತಂದು ಒಳಗಿಟ್ಟೆ. ದಾರಿಯಲ್ಲಿ ಎಲ್ಲೂ ಕೂತಿರಲಿಲ್ಲ ಎನ್ನುವುದು ಇಟ್ಟ ಮೇಲೆ ಗೊತ್ತಾಯಿತು. ಅದುವರೆಗೆ ಸುಸ್ತೆಂದರೆ ಬಸುರಿನ ಜೊತೆಗೇ ಬರುವಂಥದು ಅಂದುಕೊಂಡಿದ್ದೆ. ಮಗಳು ಹುಟ್ಟಿದಳು, ನಾನೂ ಉಳಿದೆ.

“ಸ್ವಲ್ಪ ಕಮ್ಮಿ ಅಷ್ಟೇ ಅಜ್ಜಿ, ಎಲ್ಲರಿಗೂ ಇರುತ್ತಂತೆ. ಮಾತ್ರೆ ತಗೊಳ್ತಿಲ್ಲ” ಎಂದಳು ನಿನ್ನೆ ಪಕ್ಕದ ಮನೆಯ ಸೊಸೆ. ಬೈಯಲು ಬಾಯಿ ತೆರೆದವಳಿಗೆ ನಮ್ಮಮ್ಮ ನೆನಪಾದಳು. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಅವಳು ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಸೋಮಾರಿ ಎಂದು ಅಣಕಿಸುತ್ತಿದ್ದವಳು ನಾನೇ. ಆ ಹೆರಿಗೆಯಲ್ಲಿ ಅವಳು ಉಳಿಯಲಿಲ್ಲ.

ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ನಿನ್ನೆ ಆ ಹುಡುಗಿಗೆ ಹೇಳಿಬಿಟ್ಟೆ.