ಗೋದಾ ಅತ್ಯಾಗೆ ಹತ್ತಿದ ಹಳದಿ

ರಕ್ತದೊತ್ತಡಕ್ಕೆಂದು ಕೊಟ್ಟ ಹೊಸ ಗುಳಿಗೆ ನುಂಗತೊಡಗಿದಂದಿನಿಂದ ನನಗೆ ಒಣಕೆಮ್ಮು. ನಿನ್ನೆ ವಿದ್ಯಾನಗರದ ದವಾಖಾನೆಗೆ ಹೋಗಿ ಹೇಳಿದೆ. ಮೊಮ್ಮಗನ ವಯಸ್ಸಿನ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಗುಳಿಗಿಗೆ ಕೆಮ್ಮು ಬರೂದಿಲ್ಲ ಅಜ್ಜಿ, ಹುಬ್ಬಳ್ಳಿ ಧೂಳಿಗೆ ಬರ್ತದ" ಎಂದರು. ಹುಬ್ಬಳ್ಳಿಯ ಧೂಳಿನ ಮೇಲೆ ಯಾವ ಆರೋಪ ಹೊರಿಸಿದರೂ ನಡೆಯುತ್ತದೆ, ಅದಕ್ಕೆ ವಕೀಲರಿಲ್ಲ. ನಾನೂ "ಹೌದ್ರಿ" ಎಂದು ಎದ್ದು ಬಂದೆ. ಡಾಕ್ಟರ ಎದುರು ನನ್ನ ಬಾಯಿ ಯಾವಾಗಲೂ ಹೀಗೇ. ಮನೆಗೆ ಬಂದ ಮೇಲೆ ಅದಕ್ಕೆ ಎಲ್ಲಿಲ್ಲದ ಧೈರ್ಯ. ಆಟೋದಲ್ಲಿ ಕೆಮ್ಮುತ್ತ ಕೂತಾಗ ಗೋದಾ ಅತ್ಯಾ ನೆನಪಾದಳು.

ಅತ್ಯಾ ನನ್ನ ತಂದೆಯ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದು ಸೇರಿದವಳು. ಆಗ ನಮ್ಮಂಥವರ ಮನೆಗಳಲ್ಲಿ ವಿಧವೆಯಾದವಳು ಅರಿಷಿಣ ಹಚ್ಚಿಕೊಳ್ಳುವ ಹಾಗಿರಲಿಲ್ಲ. ಸಾರಿಗೆ ಹಾಕಬಹುದು, ಗಲ್ಲಕ್ಕೆ ಹಚ್ಚಬಾರದು. ಆ ಶಾಸ್ತ್ರ ಬರೆದವನು ಸಾರು ಉಣ್ಣುವವನೇ ಇರಬೇಕು, ನೀವೇ ಹೇಳಿ.

ಮಹಾಯುದ್ಧದ ದಿನಗಳು. ಅತ್ಯಾಗೆ ಚಳಿಜ್ವರ ಬಂತು. ಪೇಟೆಯಲ್ಲಿ ಕ್ವಿನೈನ್ ಸಿಗುತ್ತಿರಲಿಲ್ಲ. ಮಳೆಗಾಲದಲ್ಲೂ ಬಿಸಿಲಿನ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ ನಮ್ಮ ಓಣಿಯ ಡಾಕ್ಟರು ಅದರ ಬದಲಿಗೆ ಬಂದಿದ್ದ ಹಳದಿ ಗುಳಿಗೆ ಕೊಟ್ಟರು. ಜ್ವರವೇನೋ ಬಿಟ್ಟಿತು, ತಿರುಗಿ ಬರಬಾರದೆಂದು ಗುಳಿಗೆ ಮುಂದುವರಿಯಿತು. ಆದರೆ ಅತ್ಯಾ ಹಳದಿಯಾಗತೊಡಗಿದಳು. ಮೊದಲು ಅಂಗೈ, ಆಮೇಲೆ ಕುತ್ತಿಗೆ, ಮುಖ. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು.

"ಕಣ್ಣು ಬೆಳ್ಳಗವ, ಕಾಮಣಿ ಬ್ಯಾನಿ ಅಲ್ಲ," ಎಂದರು ಡಾಕ್ಟರು. "ಅರಿಷಿಣ ಜರಾ ಕಡಿಮಿ ಹಚ್ಕೋರಿ, ಗೋದಾಬಾಯಿ."

"ನಾ ಹಚ್ಕೊಳ್ಳೂದಿಲ್ರಿ. ಗುಳಿಗಿ ತಗೊಂಡ ಮ್ಯಾಲೆ ಹಿಂಗಾಗೇದರಿ."

"ಗುಳಿಗಿ ಹೋಗೂದು ಹೊಟ್ಟ್ಯಾಗ. ಮಾರಿಗೆ ಹ್ಯಾಂಗ ಬರ್ತದ?"

ಅಜ್ಜಿಗೆ ಅಷ್ಟು ಸಾಕಾಯಿತು. "ಇಷ್ಟು ಕಲತವರು ಸುಳ್ಳು ಹೇಳ್ತಾರೇನು?" ಎಂದು ಮನೆಗೆ ಬಂದವಳೇ ಅರಿಷಿಣದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ನಮ್ಮ ಸಾರು ಬೆಳ್ಳಗಾಯಿತು, ಒಗ್ಗರಣೆ ಅವಲಕ್ಕಿ ಬೆಳ್ಳಗಾಯಿತು. ಉಪ್ಪಿನಕಾಯಿಯಲ್ಲೂ ಅರಿಷಿಣವಿದೆಯೆಂದು ಭರಣಿ ಅಟ್ಟ ಏರಿತು. ಅತ್ಯಾ ಕಡಲೆಹಿಟ್ಟು ಹಚ್ಚಿ ಮುಖ ತಿಕ್ಕಿಕೊಂಡರೆ, ಅದೂ ಹಳದಿಯೇ ಎಂದು ಅಜ್ಜಿ ಅದನ್ನೂ ಕಸಿದುಕೊಂಡಳು. ಮನೆಯಲ್ಲಿ ಅತ್ಯಾ ಒಬ್ಬಳನ್ನು ಬಿಟ್ಟು ಹಳದಿ ಎಂಬುದೇ ಉಳಿಯಲಿಲ್ಲ. ಅವಳು ಮಾತ್ರ ದಿನದಿನಕ್ಕೆ ಇನ್ನಷ್ಟು ಹಳದಿ.

ಕೊನೆಗೆ ಅಜ್ಜಿ, ಮಂದಿ ಆಡಿಕೊಳ್ಳುವ ಮೊದಲೇ ಅವಳನ್ನು ಅಮ್ಮಿನಬಾವಿಯಲ್ಲಿದ್ದ ಅವಳ ಮೈದುನನ ಮನೆಗೆ ಕಳಿಸುವುದೆಂದು ಠರಾವು ಮಾಡಿದಳು. ಆ ಮನೆಯಲ್ಲಿ ಅತ್ಯಾಗೆ ಬೀಸುವ ಕಲ್ಲು ಕಾದಿತ್ತು, ಪ್ರೀತಿಯ ಒಂದು ಮಾತೂ ಇರಲಿಲ್ಲ. ಮಾಸ್ತರರಾಗಿದ್ದ ನನ್ನ ತಂದೆ ಸಾಲಿಯಲ್ಲಿ ಹುಲಿ, ತಾಯಿಯ ಎದುರು ಉಸಿರೆತ್ತುವವರಲ್ಲ. "ಡಾಕ್ಟರು ಒಂದು ಮಾತು ಹೇಳಿದ್ರ ನಾ ಉಳೀತೇನವಾ" ಎಂದು ಅತ್ಯಾ ನನ್ನ ಕೈ ಹಿಡಿದುಕೊಂಡು ಮತ್ತೆ ದವಾಖಾನೆಗೆ ಹೋದಳು. ಡಾಕ್ಟರು ನಕ್ಕರು. "ಹೆಣ್ಣಮಕ್ಕಳು ಕನ್ನಡಿ ಭಾಳ ನೋಡಬಾರದ್ರಿ." ಅತ್ಯಾ ಮಲಗುವ ಕೋಣೆಯಲ್ಲಿ ಕನ್ನಡಿಯೇ ಇರಲಿಲ್ಲ. ದಾರಿಯುದ್ದಕ್ಕೂ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಷ್ಟರಲ್ಲಿ ಜ್ವರ ಓಣಿ ತುಂಬ ಹಬ್ಬಿ, ಎಲ್ಲರೂ ಅದೇ ಗುಳಿಗೆ ನುಂಗಿದರು. ಗಣಿತದ ಮಾಸ್ತರರು ಮೀಸೆಯ ಕೆಳಗೆ ಹಳದಿಯಾದರು. ಬಾಳೆಹಣ್ಣು ಹೆಚ್ಚಾಗಿದೆ ಎಂದರು ಡಾಕ್ಟರು. ಟಾಂಗಾದ ಹುಸೇನಸಾಬನನ್ನು, "ಲಗ್ನದ ಮನಿಂದ ಬಂದಿಯೇನೋ?" ಎಂದು ಕೇಳಿದರಂತೆ. "ಐದು ಮಕ್ಕಳ ಅಪ್ಪಗ ಯಾರ್ರಿ ಸಾಹೇಬ್ರ ಹಳದಿ ಹಚ್ಚತಾರ?" ಎಂದನಂತೆ ಅವನು. ಇವರನ್ನೆಲ್ಲ ಅಮ್ಮಿನಬಾವಿಗೆ ಕಳಿಸಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅಮ್ಮಿನಬಾವಿಯಿಂದ ಚಕ್ಕಡಿ ಬರುವ ಹಿಂದಿನ ದಿನ, ಅಲ್ಲಿ ಜ್ವರ ತಿರುಗಿ ಬಂದರೆ ಇರಲಿ ಎಂದು ಔಷಧ ತರಲು ಅಜ್ಜಿ ನಮ್ಮನ್ನು ಕರೆದುಕೊಂಡು ಹೋದಳು. ಡಾಕ್ಟರೂ ಜ್ವರ ಬಿದ್ದು ಎದ್ದಿದ್ದರು. ಟೊಪ್ಪಿಗೆಯನ್ನು ಹುಬ್ಬಿನ ತನಕ ಇಳಿಸಿಕೊಂಡು ಕೂತಿದ್ದರು. ಕೆಳಗಿನ ಮುಖವೆಲ್ಲ ಹೋಳಿಗೆಯ ಬಣ್ಣ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಡಾಕ್ಟರ, ನೀವೂ ಅರಿಷಿಣ ಹಚ್ಕೊಂಡೀರೇನು?"

"ಗುಳಿಗಿ ಬಣ್ಣರಿ ಅದು," ಎಂದರು ಅವರು ಮೆಲ್ಲಗೆ. "ಗುಳಿಗಿ ಬಿಟ್ರ ಹೋಗ್ತದ."

"ಮೊದಲ ಹೇಳಲಿಲ್ಲಲ್ಲ?"

"ಮೊದಲ ನನಗ ಆಗಿರಲಿಲ್ಲಲ್ರಿ."

ಮರುದಿನ ಚಕ್ಕಡಿ ಬರಿದೇ ವಾಪಸು ಹೋಯಿತು. ಅಟ್ಟದಿಂದ ಉಪ್ಪಿನಕಾಯಿ ಇಳಿಯಿತು.

ಕೆಲವು ವಾರಗಳ ಮೇಲೆ ಅಜ್ಜಿಯ ಮೊಣಕಾಲು ನೋಡಲು ಡಾಕ್ಟರು ಮನೆಗೆ ಬಂದರು. ಆಗ ಅವರು ಭಾಳ ವಿನಯದವರಾಗಿದ್ದರು, ಎಲ್ಲರನ್ನೂ ಕೇಳುತ್ತಿದ್ದರು. "ಗೋದಾಬಾಯಿ, ಈಗ ಏನರ ತ್ರಾಸ ಅದ ಏನ್ರಿ? ಸಂಕೋಚ ಬ್ಯಾಡ."

ಅತ್ಯಾ ತನ್ನ ಅಂಗೈ ನೋಡಿಕೊಂಡಳು. "ಹಳದಿ ಹೋಗ್ಲಿಕ್ಕತ್ತದರಿ."

"ಛಲೋ ಆತಲ್ಲ."

"ಇನ್ನೊಂದೀಟು ಗುಳಿಗಿ ಕೊಡ್ತೀರೇನು?"

ಡಾಕ್ಟರು ಗಟ್ಟಿಯಾಗಿ ನಕ್ಕರು. "ಅದೇನು ಬ್ಯಾನಿ ಅಲ್ಲ ಬಿಡ್ರಿ." ಅಜ್ಜಿ ನಗಲಿಲ್ಲ. ಅತ್ಯಾ ಒಳಗೆ ಹೋಗಿ ಚಹಾ ಮಾಡಿ ತಂದಳು.

ನನ್ನ ಯಜಮಾನರು ತೀರಿಕೊಂಡ ಮೇಲೆ, ಯಾರೂ ಬೇಡ ಎನ್ನದಿದ್ದರೂ, ನಾನೂ ಅರಿಷಿಣ ಬಿಟ್ಟಿದ್ದೆ. ಯಾಕೆ ಬಿಟ್ಟೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಇವತ್ತು ಸ್ನಾನವಾದ ಮೇಲೆ ಅಡುಗೆಮನೆಯ ಡಬ್ಬಿಯಿಂದಲೇ ತೆಗೆದು ಎರಡೂ ಗಲ್ಲಕ್ಕೆ ಹಚ್ಚಿಕೊಂಡೆ. ಸೊಸೆ ನೋಡಿ, "ಅತ್ತಿ, ಇನ್ನೊಂದೀಟು ಹಚ್ಕೋರಿ, ಛಲೋ ಕಾಣ್ತದ" ಎಂದಳು. ಹಚ್ಚಿಕೊಂಡೆ.